ಗೋಣಿಯೊಳಗೆ ಕೈ ಹಾಕುವ ಮೊದಲು

ಕಾಸರಗೋಡು ಜಿಲ್ಲೆಯ ಓದುಗರೊಬ್ಬರು ಬರೆದಿದ್ದಾರೆ: "ಹರಿತ ಕರ್ಮಸೇನೆಯವರು (ಪಂಚಾಯತಿನ ಕಸ ಸಂಗ್ರಹಿಸುವ ಮಹಿಳೆಯರ ತಂಡ) ಮನೆಮನೆಯಿಂದ ತರುವ ಪ್ಲಾಸ್ಟಿಕ್ ವಿಂಗಡಿಸುವ ಶೆಡ್ಡಿನ ಉಸ್ತುವಾರಿ ನನ್ನದು. ಮೊನ್ನೆ ಒಬ್ಬರ ಬೆರಳಿಗೆ ಇಂಜೆಕ್ಷನ್ ಸೂಜಿ ಚುಚ್ಚಿತು. ಕೈಗವಸು ಕೊಟ್ಟಿದ್ದೆವು, ಹಾಕಿರಲಿಲ್ಲ. ಎಷ್ಟು ಹೇಳಿದರೂ ಕೇಳುವುದಿಲ್ಲ. ತಪ್ಪು ಅವರದೇ ಅಲ್ವಾ?"

ನಮಸ್ಕಾರ. ಮೊದಲು ಆ ಅಕ್ಕನ ವಿಷಯ. ಸೂಜಿ ಚುಚ್ಚಿದ ಜಾಗವನ್ನು ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆಯಬೇಕು. ಹಿಂಡಬಾರದು, ಬಾಯಿಗೆ ಇಡಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಎಚ್‌ಐವಿ ತಡೆಯುವ ಮಾತ್ರೆ ಬೇಕೆಂದು ಡಾಕ್ಟರು ಹೇಳಿದರೆ ಅದು 72 ಗಂಟೆಯೊಳಗೆ ಶುರುವಾಗಬೇಕು. ಬೇಗ ಆದಷ್ಟು ಒಳ್ಳೆಯದು. ಹೆಪಟೈಟಿಸ್ ಬಿ ಲಸಿಕೆ ಆಗಿಲ್ಲದಿದ್ದರೆ ಶೆಡ್ಡಿನ ಎಲ್ಲರಿಗೂ ಹಾಕಿಸಿ. ಆರು ತಿಂಗಳಲ್ಲಿ ಮೂರು ಡೋಸ್. ನಿಮ್ಮ ಪತ್ರದಲ್ಲಿ ಆಸ್ಪತ್ರೆಯ ಮಾತೇ ಇರಲಿಲ್ಲ, ಅದಕ್ಕೇ ಇಷ್ಟು ಹೇಳಿದೆ.

ಇನ್ನು ತಪ್ಪು ಯಾರದ್ದು ಅನ್ನುವುದು. ಪತ್ರ ಓದಿದ ಮೇಲೆ ಇಂಥದೇ ಒಂದು ಶೆಡ್ಡಿಗೆ ಹೋಗಿ, ಕೈಗವಸು ಹಾಕಿಕೊಂಡು ಅರ್ಧ ಗಂಟೆ ಕೂತೆ. ನನಗೇ ಸಡಿಲ, ಅಕ್ಕಂದಿರ ಕೈಗೆ ಕೇಳುವುದೇ ಬೇಡ. ಹತ್ತು ನಿಮಿಷಕ್ಕೆ ಒಳಗೆಲ್ಲ ಬೆವರು. ಹಾಲಿನ ಪ್ಯಾಕೆಟಿನ ಮೂಲೆ ಹಿಡಿಯಲು ಬರುವುದಿಲ್ಲ. ಕೊನೆಗೆ ನಾನೂ ಬಿಚ್ಚಿಟ್ಟೆ. ಅದೂ ಅಲ್ಲದೆ, ಬಟ್ಟೆಯದಾಗಲಿ ತೆಳು ರಬ್ಬರಿನದಾಗಲಿ, ಸೂಜಿ ನುಗ್ಗಿಯೇ ನುಗ್ಗುತ್ತದೆ.

ಹಾಗಂತ ಕೈಗವಸು ಬೇಡ ಎನ್ನುತ್ತಿಲ್ಲ. ಕೈಗವಸು, ಬೂಟು, ಮಾಸ್ಕ್, ರೇನ್‌ಕೋಟು ಕೊಡಬೇಕು, ಬಳಸುವಂತೆ ನೋಡಿಕೊಳ್ಳಲೂಬೇಕು. 2016ರ ಘನತ್ಯಾಜ್ಯ ನಿಯಮಗಳಲ್ಲೇ ಈ ಮಾತು ಬಂದಿತ್ತು. ಆದರೆ ಅದು ಕೊನೆಯ ಬೇಲಿ. ಸೂಜಿ ಅಲ್ಲಿವರೆಗೆ ಬಂದದ್ದು ಹೇಗೆ?

ನಾನು ಕಂಡದ್ದು ಇದು. ಎಲ್ಲರೂ ನೆಲದಲ್ಲಿ ಕೂತು ಗೋಣಿಯೊಳಗೆ ಮೊಣಕೈವರೆಗೆ ಕೈ ಹಾಕಿ ತೆಗೆಯುತ್ತಾರೆ. ಒಳಗೆ ಏನಿದೆಯೋ ಕಾಣುವುದಿಲ್ಲ. ಸೊಂಟದ ಎತ್ತರಕ್ಕೆ ಒಂದು ಮೇಜು ಮಾಡಿಸಿ, ಮೇಲೆ ಕಬ್ಬಿಣದ ಜಾಲರಿ. ಗೋಣಿಯನ್ನು ಅದರ ಮೇಲೆ ಸುರಿದು, ಕೊಕ್ಕೆಯಿಂದ ಹರಡಿ, ಆಮೇಲೆ ಕೈ ಹಾಕಲಿ. ಸೂಜಿ, ಗಾಜಿನ ಚೂರು ಕಣ್ಣಿಗೆ ಬೀಳುತ್ತದೆ. ಸೊಂಟನೋವೂ ಕಡಿಮೆ. ಊರಿನ ವೆಲ್ಡಿಂಗ್ ಅಂಗಡಿಯವರೇ ಮಾಡಿಕೊಡುವ ಕೆಲಸ.

ಅದಕ್ಕೂ ಹಿಂದೆ ಮನೆಗಳಿವೆ. ಶುಗರಿಗೆ ಮನೆಯಲ್ಲೇ ಇನ್ಸುಲಿನ್ ಚುಚ್ಚಿಕೊಳ್ಳುವವರು ಈಗ ಜಾಸ್ತಿ. ಸೂಜಿಯನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಮುಚ್ಚಿ ಬೇರೆ ಇಡಿ ಎಂದು ಅವರಿಗೆ ಯಾರಾದರೂ ಹೇಳಿದ್ದಾರಾ? ಚೀಟಿ ಮಲಯಾಳಂನಲ್ಲಿ ಮಾತ್ರ ಹಂಚಿದರೆ ನಮ್ಮ ಕಡೆಯ ಅಜ್ಜ ಅಜ್ಜಿಯರು ಓದುವುದು ಹೇಗೆ? ಕನ್ನಡದಲ್ಲೂ ಅಚ್ಚು ಹಾಕಿಸಿ. ತೋಟದ ಮನೆಗಳಿಗೆ ಇನ್ನೊಂದು ಸಾಲು ಸೇರಿಸಿ: ಕೀಟನಾಶಕದ ಡಬ್ಬಿ ಹಾಲಿನ ಪ್ಯಾಕೆಟಿನ ಜೊತೆ ಬರಬಾರದು. ಎಂಡೋಸಲ್ಫಾನ್ ಕಂಡ ಜಿಲ್ಲೆಯವರಿಗೆ ಕಾರಣ ಹೇಳಬೇಕಾಗಿಲ್ಲ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಮೊಬೈಲ್ ಬ್ಯಾಟರಿ, ಪವರ್‌ಬ್ಯಾಂಕ್ ಜಜ್ಜಿದರೆ ಬೆಂಕಿ ಹತ್ತುತ್ತದೆ. ಕಂಡ ಕೂಡಲೇ ಶೆಡ್ಡಿನ ಹೊರಗೆ, ನೆರಳಲ್ಲಿ, ಒಣ ಮರಳಿನ ಬಕೆಟ್ಟಿಗೆ ಹಾಕಿ. ಟ್ಯೂಬ್‌ಲೈಟ್ ಒಡೆಯಬೇಡಿ, ಒಳಗೆ ಪಾದರಸ ಇದೆ. ಪ್ಲಾಸ್ಟಿಕ್ ಒತ್ತುವ ಯಂತ್ರದಲ್ಲಿ ಏನಾದರೂ ಸಿಕ್ಕಿಕೊಂಡರೆ ಮೈನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿ, ಕೈ ಹಾಕುವವರೇ ಕೀ ಇಟ್ಟುಕೊಳ್ಳಲಿ. ಮಳೆಗಾಲದಲ್ಲಿ ಇಲಿಜ್ವರ ನಿಮಗೆ ಗೊತ್ತೇ ಇದೆ. ಅದನ್ನು ತಡೆಯಲು ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆಯ ಬಗ್ಗೆ ಜೂನ್‌ಗೆ ಮೊದಲೇ ಆರೋಗ್ಯ ಕೇಂದ್ರದಲ್ಲಿ ಕೇಳಿ.

ಮತ್ತೆ, 100 ಪುಟದ ಒಂದು ನೋಟ್‌ಬುಕ್ ತನ್ನಿ. ಚುಚ್ಚಿದ್ದು, ಜಾರಿದ್ದು, ಸ್ವಲ್ಪದರಲ್ಲಿ ತಪ್ಪಿದ್ದು ಎಲ್ಲವನ್ನೂ ಬರೆಯಿರಿ. ಹೆಸರು ಬೇಡ. ದಿನ, ಏನಾಯಿತು, ಯಾವ ವಾರ್ಡಿನ ಗೋಣಿ, ಅಷ್ಟು ಸಾಕು. ನೀವು ಬೈದಿರೋ, ಯಾರೂ ಬಾಯಿ ಬಿಡುವುದಿಲ್ಲ, ಪುಸ್ತಕ ಖಾಲಿ ಉಳಿಯುತ್ತದೆ. ಎರಡು ತಿಂಗಳಲ್ಲಿ ಒಂದೇ ವಾರ್ಡಿನಿಂದ ಸೂಜಿ ಬರುತ್ತಿದೆ ಎಂದು ಗೊತ್ತಾದರೆ, ಮೆಂಬರನ್ನು ಕರೆದುಕೊಂಡು ಆ ಮನೆಗಳಿಗೆ ಹೋಗಿ.

ಹೊಸ ಕೈಗವಸು ತರುವಾಗ ಅಕ್ಕಂದಿರನ್ನೂ ಅಂಗಡಿಗೆ ಕರೆದುಕೊಂಡು ಹೋಗಿ. ಹಾಕಿ ನೋಡಿಯೇ ತೆಗೆದುಕೊಳ್ಳಲಿ. ಚಪ್ಪಲಿಯನ್ನಾದರೆ ನಾವೆಲ್ಲ ಹಾಗೆ ತಾನೇ ಕೊಳ್ಳುವುದು?

– ಸಂ.