ಮೇಷ್ಟ್ರಿಗೊಂದು ಕಾಗದ: ‘ಸ್ಫೂರ್ತಿ’ ಅನ್ನೋ ಕಡೆ ಏನು ಬರೀಲಿ?

13ರಿಂದ 19ರ ಒಳಗಿನವರು, ಕಥೆ-ಕವಿತೆ ಬರೆಯುವವರು, ಚಿತ್ರ ಬಿಡಿಸುವವರು ನಿಮ್ಮ ಪರಿಚಯ ಬರೆದು ಕಳಿಸಿ, 100 ಪದ ಸಾಕು ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಪರಿಚಯಗಳ ಜೊತೆ ಪ್ರಶ್ನೆಗಳೂ ಬಂದಿವೆ. ಸಾಗರದ ಕಡೆ ಹೈಸ್ಕೂಲಿನಲ್ಲಿ 31 ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ನಾನು. ನಿಮ್ಮ ಕಾಗದ ಬಂದ ದಿನ ನನಗೆ ಹಬ್ಬ. ನಾಲ್ಕು ಕಾಗದಕ್ಕೆ ಇಲ್ಲಿ ಉತ್ತರ ಇದೆ.

ಮೇಷ್ಟ್ರೇ, ಪರಿಚಯದಲ್ಲಿ ‘ನಿಮ್ಮ ಸ್ಫೂರ್ತಿ ಯಾರು’ ಅಂತ ಕೇಳಿದ್ದೀರಿ. ನನ್ನ ಫ್ರೆಂಡ್ ವ್ಯಾನ್ ಗೋ ಅಂತ ಬರೆದಳು. ನನಗೆ ಹಾಗೆ ಯಾರೂ ಇಲ್ಲ. ನಮ್ಮಜ್ಜಿ ಭೂಮಿ ಹುಣ್ಣಿಮೆ ಹಬ್ಬಕ್ಕೆ ಗದ್ದೆಗೆ ಒಯ್ಯೋ ಬುಟ್ಟಿಗೆ ಚಿತ್ತಾರ ಬರೀತಾರೆ. ಪಕ್ಕದಲ್ಲಿ ಕೂತು ನೋಡ್ತಿದ್ದೆ, ಅಷ್ಟೇ. ಅದನ್ನ ಬರೀಬಹುದಾ?
— ಹತ್ತನೇ ತರಗತಿ ವಿದ್ಯಾರ್ಥಿನಿ, ಸೊರಬ ತಾಲ್ಲೂಕು

ಅದನ್ನೇ ಬರಿ ಪುಟ್ಟೀ. ‘ಅಷ್ಟೇ’ ಅನ್ನೋ ಪದ ಮಾತ್ರ ಹೊಡೆದು ಹಾಕು.

ಇರೋದು 100 ಪದ. ಅಜ್ಜಿಯನ್ನು ಹೊಗಳೋಕೆ ಅದನ್ನು ಖರ್ಚು ಮಾಡಬೇಡ. ಅವರ ಕೈ ಏನೇನು ಮಾಡುತ್ತೆ ಅಂತ ಹೇಳು. ಬುಟ್ಟಿಗೆ ಸಗಣಿ ಬಳಿದು, ಒಣಗಿದ ಮೇಲೆ ಕೆಮ್ಮಣ್ಣು ಹಚ್ತಾರೆ ಅಲ್ವಾ? ಅಕ್ಕಿ ನೆನೆಸಿ ರುಬ್ಬಿದರೆ ಬಿಳಿ. ಅದೇ ಅಕ್ಕಿಯನ್ನು ಕರಕಾಗುವ ಹಾಗೆ ಹುರಿದರೆ ಕಪ್ಪು. ಹಳದಿಗೆ ಗುರಿಗೆ ಅನ್ನೋ ಕಾಡು ಕಾಯಿ. ಬ್ರಷ್ಷು ಅಂದ್ರೆ ಪುಂಡಿ ಗಿಡದ ನಾರು. ಎಲ್ಲವೂ ಕಾಡು, ಹಿತ್ತಲು, ಗದ್ದೆ, ಅಡುಗೆಮನೆಯದೇ.

ನಾನು ಪೋಸ್ಟರ್ ಕಲರ್ ಡಬ್ಬಿ ಹಿಡಿದುಕೊಂಡು ನಿಮ್ಮ ಸೀಮೆಗೆ ಕೆಲಸಕ್ಕೆ ಬಂದವನು. ಮೊದಲ ವರ್ಷವೇ ಒಂದು ಮದುವೆ ಮನೆಯಲ್ಲಿ ದೀವರ ಸಮುದಾಯದ ಹೆಂಗಸೊಬ್ಬರು ಹಸೆ ಗೋಡೆಗೆ, ಅಂದ್ರೆ ಮದುಮಕ್ಕಳು ಕೂರೋ ಜಾಗದ ಹಿಂದಿನ ಗೋಡೆಗೆ, ಚಿತ್ತಾರ ಬರೆಯೋದನ್ನು ನೋಡಿದೆ. ಸ್ಕೇಲಿಲ್ಲ, ಪೆನ್ಸಿಲ್ ಗುರುತಿಲ್ಲ. ನಾರಿನ ತುದಿಯನ್ನು ಗೋಡೆಗೆ ಮುಟ್ಟಿಸಿ, ಉಸಿರು ಬಿಗಿಹಿಡಿದು ಎಳೆದರು. ಗೆರೆ ಮುಗಿದ ಮೇಲೇ ಉಸಿರು ಬಿಟ್ಟರು. ಮಕ್ಕಳಿಗೆ ಗೆರೆ ಎಳೆಯೋಕೆ ಕಲಿಸುವಾಗ ‘ಮೊದಲು ಉಸಿರು ತಗೊಳ್ಳಿ’ ಅಂತ ನಾನು ಹೇಳೋಕೆ ಶುರು ಮಾಡಿದ್ದು ಆಮೇಲಿಂದ. ನನ್ನ ಗುರುಗಳು ಯಾರು ಅಂತ ಕೇಳಿದರೆ ಅವರ ಹೆಸರನ್ನೂ ಹೇಳ್ತೇನೆ.

ಹಾಗಿದ್ದೂ ಒಂದು ತಪ್ಪು ಮಾಡಿದ್ದೇನೆ. ನಮ್ಮ ಶಾಲೆಯಲ್ಲಿ ಗೋಡೆ ಪತ್ರಿಕೆ ಇತ್ತು. ಎಂಟನೇ ಕ್ಲಾಸಿನ ಹುಡುಗನೊಬ್ಬ ತನ್ನ ಪರಿಚಯದಲ್ಲಿ ‘ನಮ್ಮನೆ ಅಡಿಕೆ ಚಪ್ಪರವೇ ನನಗೆ ಸ್ಫೂರ್ತಿ’ ಅಂತ ಬರೆದಿದ್ದ. ಸುಗ್ಗಿಯಲ್ಲಿ ರಾತ್ರಿ ಹೊತ್ತು ಎಲ್ಲರೂ ಸಾಲಾಗಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲೀತಾರೆ. ಅವರ ನೆರಳು ಹಿಂದಿನ ಗೋಡೆ ಮೇಲೆ ದೊಡ್ಡದಾಗಿ ಅಲ್ಲಾಡುತ್ತೆ. ಆ ನೆರಳಿನ ಅಂಚಿಗೆ ಇದ್ದಿಲಲ್ಲಿ ಗೆರೆ ಎಳೀತಾ ಎಳೀತಾ ಮನುಷ್ಯರನ್ನು ಬಿಡಿಸೋಕೆ ಕಲಿತೆ ಅಂತ ಬರೆದಿದ್ದ. ನಾನು ಅದನ್ನು ಹೊಡೆದು ಹಾಕಿ ‘ರಾಜಾ ರವಿವರ್ಮ’ ಅಂತ ಬರೆಸಿದೆ. ಶಾಲೆಗೆ ಸಾಹೇಬರು ಬರೋರಿದ್ದರು. ಚೆನ್ನಾಗಿ ಕಾಣಲಿ ಅಂದುಕೊಂಡೆ. ಅವನು ತುಟಿ ಪಿಟಕ್ಕೆನ್ನದೆ ತಿದ್ದಿ ಕೊಟ್ಟ. ಆಮೇಲೆ ಗೋಡೆ ಪತ್ರಿಕೆಗೆ ಅವನು ಏನನ್ನೂ ಕೊಡಲಿಲ್ಲ. ಆ ಹಾಳೆ ನೆನಪಾದಾಗೆಲ್ಲ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತೆ.

ನಿನ್ನ ಫ್ರೆಂಡ್ ನಿಜವಾಗಿ ವ್ಯಾನ್ ಗೋ ಚಿತ್ರ ನೋಡಿ ರಾತ್ರಿ ನಿದ್ದೆಗೆಟ್ಟಿದ್ದರೆ ಅವಳು ಬರೆದಿದ್ದೂ ಸರಿಯೇ. ಯಾವ ಚಿತ್ರ, ಅದರಲ್ಲಿ ಏನು ಹಿಡಿಸಿತು ಅಂತ ಇನ್ನೊಂದು ಸಾಲು ಸೇರಿಸೋಕೆ ಹೇಳು.

ಸರ್, ನಮ್ಮ ಮನೆಮಾತು ಕನ್ನಡ. ಆದ್ರೆ ನಾನು ಕವಿತೆ ಬರೆಯೋದು ಇಂಗ್ಲಿಷಲ್ಲಿ. ಕನ್ನಡ ಪತ್ರಿಕೆಗೆ ಇದನ್ನ ಹೇಳಿಕೊಂಡರೆ ಬೈತಾರಾ?
— ಪಿಯುಸಿ ವಿದ್ಯಾರ್ಥಿ, ಬೆಂಗಳೂರು

ಯಾರೂ ಬೈಯಲ್ಲ ಮರಿ. ಮುಚ್ಚಿಡಬೇಡ.

ಕುವೆಂಪು ಅವರ ಮೊದಲ ಪುಸ್ತಕ ಯಾವ ಭಾಷೆಯದು ಗೊತ್ತಾ? ಇಂಗ್ಲಿಷಿನದು. ‘ಬಿಗಿನರ್ಸ್ ಮ್ಯೂಸ್’ ಅಂತ ಹೆಸರು, 1922ರಲ್ಲಿ ಬಂತು. ಅವರು ಹುಟ್ಟಿದ್ದು 1904ರ ಡಿಸೆಂಬರಿನಲ್ಲಿ. ಲೆಕ್ಕ ಹಾಕು, ಹೆಚ್ಚು ಕಡಿಮೆ ನಿನ್ನದೇ ವಯಸ್ಸು. ಆಮೇಲೆ ಜೇಮ್ಸ್ ಕಸಿನ್ಸ್ ಅನ್ನೋ ಐರಿಷ್ ಕವಿ ಮೈಸೂರಿಗೆ ಬಂದಾಗ ಇವರು ತಮ್ಮ ಇಂಗ್ಲಿಷ್ ಕವಿತೆಗಳನ್ನು ಹಿಡಿದುಕೊಂಡು ಹೋದರು. ನೋಡಿದ ಕಸಿನ್ಸ್, ನಿನ್ನ ಭಾಷೆಯಲ್ಲಿ ಏನು ಬರೆದಿದ್ದೀಯ ಅಂತ ಕೇಳಿದರು. ಇವರಿಗೆ ಆಗ ಅದು ಹಿಡಿಸಲಿಲ್ಲ. ಆದ್ರೆ ಆ ಮಾತು ಒಳಗೆ ಇಳಿದಿತ್ತು.

ಇದನ್ನು ಹೇಳಿ ನಿನ್ನ ಇಂಗ್ಲಿಷ್ ಬಿಡಿಸೋ ಆಸೆ ನನಗಿಲ್ಲ. ಒಂದೇ ಒಂದು ಕೆಲಸ ಮಾಡು. ನಿಮ್ಮಮ್ಮ ಸಿಟ್ಟು ಬಂದಾಗ ಏನಂತಾರೆ, ಅದನ್ನು ಅವರ ಮಾತಲ್ಲೇ ಹತ್ತು ಸಾಲು ಬರೆದು ನೋಡು. ಅದನ್ನು ಇಂಗ್ಲಿಷಿಗೆ ತರೋಕೆ ಹೋದಾಗ ಎಲ್ಲಿ ಕೈ ನಿಲ್ಲುತ್ತೋ ಆ ಜಾಗ ಗುರುತು ಮಾಡಿಕೊ. ಎರಡನ್ನೂ ನನಗೆ ಕಳಿಸು. ನಿಜವಾಗಿ ನೋಡಬೇಕು ಅನ್ನಿಸ್ತಿದೆ.

ನಾನು ಅನಿಮೆ ನೋಡಿ ಹಾಗೇ ಬಿಡಿಸ್ತೀನಿ. ಅದು ಕಾಪಿ, ಕಲೆ ಅಲ್ಲ ಅಂತಾರೆ ನಮ್ಮಣ್ಣ. ಪರಿಚಯದಲ್ಲಿ ಹಾಕಲಾ ಬೇಡ್ವಾ?
— ಒಂಬತ್ತನೇ ತರಗತಿ, ದಾವಣಗೆರೆ

ಹಾಕು. ಯಾವ ಅನಿಮೆ ಅಂತಲೂ ಹಾಕು. ನೋಡಿ ಬಿಡಿಸೋದು ಕಲಿಯೋ ದಾರಿ. ನೋಡಿ ಬಿಡಿಸಿದ್ದನ್ನು ನನ್ನದೇ ಅಂದರೆ ಅದು ಸುಳ್ಳು. ಇವೆರಡರ ನಡುವಿನ ವ್ಯತ್ಯಾಸ ನಿಮ್ಮಣ್ಣನಿಗೆ ಹೇಳು.

ಮೈಸೂರಿನ ಕಾರ್ಟೂನಿಸ್ಟ್ ಆರ್.ಕೆ. ಲಕ್ಷ್ಮಣ್ ಹುಡುಗರಾಗಿದ್ದಾಗ ಡೇವಿಡ್ ಲೋ ಅನ್ನೋ ಬ್ರಿಟಿಷ್ ವ್ಯಂಗ್ಯಚಿತ್ರಕಾರರ ಚಿತ್ರಗಳನ್ನು ಪೇಪರಿನಲ್ಲಿ ಕಣ್ಣಿಟ್ಟು ನೋಡ್ತಿದ್ದರು. ಎಷ್ಟೋ ದಿನ ‘Low’ ಅನ್ನೋ ಆ ಸಹಿಯನ್ನು ‘Cow’ ಅಂತಲೇ ಓದಿಕೊಂಡಿದ್ದರಂತೆ! ಹೆಸರು ಸರಿಯಾಗಿ ಗೊತ್ತಿಲ್ಲದಿದ್ದರೂ ಗೆರೆ ಮನಸ್ಸಿಗೆ ಇಳಿದಿತ್ತು. ಜೊತೆಗೆ ಕಿಟಕಿಯಿಂದ ಕಾಣೋ ಮರ, ಎಲೆ, ಕಾಗೆಗಳನ್ನೂ ಬಿಡಿಸ್ತಾನೇ ಇದ್ದರು. ನೀನೂ ವಾರಕ್ಕೊಂದು ಸಲ ನಿಮ್ಮಣ್ಣನನ್ನೇ ಎದುರಿಗೆ ಕೂರಿಸಿಕೊಂಡು ಬಿಡಿಸು. ಕಣ್ಣು ಅನಿಮೆ ಥರ ದೊಡ್ಡದಾಗಿ ಬಂದರೂ ಪರವಾಗಿಲ್ಲ. ಮೂಗು ಮಾತ್ರ ಅವನದೇ ಇರಲಿ.

ನನಗೆ 14. ಈಗಲೇ ಕಾವ್ಯನಾಮ ಇಟ್ಟುಕೊಂಡರೆ ಜಾಸ್ತಿ ಆಯ್ತು ಅಂತೀರಾ?
— ಹೆಸರು ಬೇಡ, ಧಾರವಾಡ

ಧಾರವಾಡದಿಂದ ಈ ಪ್ರಶ್ನೆ ಬಂದಿದ್ದು ಖುಷಿ ಆಯ್ತು. ನಿಮ್ಮೂರಿನ ಬೇಂದ್ರೆಯವರ ‘ಅಂಬಿಕಾತನಯದತ್ತ’ ಬಿಡಿಸಿ ಓದು: ಅಂಬಿಕೆಯ ಮಗ ದತ್ತ. ತಾಯಿ ಯಾರು, ತಾನು ಯಾರು, ಎರಡೂ ಒಂದೇ ಹೆಸರಲ್ಲಿ ಬಂತು ನೋಡು. ಅದಕ್ಕಿಂತ ಚಿಕ್ಕ ಪರಿಚಯ ನಾನು ಓದಿಲ್ಲ.

ಧಾರಾಳವಾಗಿ ಇಟ್ಟುಕೊ. ಮೊದಲು ಒಂದು ತಿಂಗಳು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟುಕೊಂಡು ನೋಡು. ತಿಂಗಳಾದ ಮೇಲೂ ಇಷ್ಟವಾದರೆ ಕಳಿಸು. ಕಾವ್ಯನಾಮ ಕವಿತೆಯ ಕೆಳಗಿರಲಿ. ನಿಜವಾದ ಹೆಸರು, ವಿಳಾಸ ಬೇರೆ ಚೀಟಿಯಲ್ಲಿ ಬರೆದು ಅದೇ ಲಕೋಟೆಯಲ್ಲಿ ಹಾಕು. ಆ ಚೀಟಿ ನನ್ನ ಹತ್ತಿರವೇ ಇರುತ್ತೆ.