ಟಿಡಿಎಸ್ ಸರಿಯಿದ್ದರೆ ನೀರು ಸರಿಯೇ?

ಪ್ರಶ್ನೆ: ನಾನು ಹೊಸೂರು ತಾಲ್ಲೂಕಿನ ಬಾಗಲೂರು ಕಡೆಯವನು. ನಮ್ಮ ಗುಲಾಬಿ ತೋಟದಿಂದ ಕೂಗಳತೆಯಲ್ಲಿ ಲೋಹದ ಸಾಮಾನಿಗೆ ಕ್ರೋಮ್ ಲೇಪಿಸುವ ಶೆಡ್ ಇದೆ. ಒಂದು ವರ್ಷದಿಂದ ಕೊಳವೆಬಾವಿಯ ನೀರು ನಸುಹಳದಿಯಾಗಿ ಬರುತ್ತಿದೆ. ಫಿಲ್ಟರ್ ಮಾರುವ ಹುಡುಗ ಪೆನ್ನಿನಂಥ ಮೀಟರ್ ಅದ್ದಿ, ‘ಟಿಡಿಎಸ್ 380, ಧಾರಾಳವಾಗಿ ಕುಡಿಯಿರಿ’ ಎಂದ. ಕುದಿಸಿ ಕುಡಿಯುತ್ತಿದ್ದೇವೆ. ಸಾಕೇ ಮೇಡಂ?

ಉತ್ತರ: ಸಾಲದು. ಇಂದಿನಿಂದಲೇ ಆ ನೀರನ್ನು ಕುಡಿಯುವುದಕ್ಕಾಗಲಿ ಅಡುಗೆಗಾಗಲಿ ಬಳಸಬೇಡಿ. ಕುದಿಸಿದರೆ ರೋಗಾಣು ಸಾಯುತ್ತದೆ, ಲೋಹ ಹೋಗುವುದಿಲ್ಲ. ನೀರು ಬತ್ತಿದಷ್ಟೂ ಅದು ಗಾಢವಾಗುತ್ತದೆ.

ಆ ಮೀಟರ್ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಅಂದಾಜು ಕೊಡುತ್ತದೆ, ಯಾವುದು ಎಷ್ಟಿದೆ ಎಂದು ಹೇಳುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಂತೆ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಇದ್ದರೂ ಸರಿ, ಕ್ರೋಮಿಯಂ 0.05 ಮಿಲಿಗ್ರಾಂ ಮೀರುವಂತಿಲ್ಲ. ನಿಮ್ಮ 380ರೊಳಗೆ ಎರಡು ಮಿಲಿಗ್ರಾಂ ಕ್ರೋಮಿಯಂ ಅಡಗಿದ್ದರೂ ಆ ಪೆನ್ನಿಗೆ ತಿಳಿಯದು. ಹಳದಿಗೆ ಕಬ್ಬಿಣವೂ ಕಾರಣವಿರಬಹುದು. ಗಾಜಿನ ಲೋಟದಲ್ಲಿ ಒಂದು ರಾತ್ರಿ ಇಟ್ಟು ನೋಡಿ. ಕಬ್ಬಿಣವಾದರೆ ಸಾಮಾನ್ಯವಾಗಿ ತಳದಲ್ಲಿ ತುಕ್ಕಿನ ಬಣ್ಣದ ಗಸಿ ಕೂರುತ್ತದೆ. ಗಸಿಯಿಲ್ಲದೆ, ತಿಳಿಯಾಗಿಯೇ ಹಳದಿ ಉಳಿದರೆ ನನಗೆ ಭಯ. ಕ್ರೋಮಿಯಂನ ಹಳದಿ ಕಣ್ಣಿಗೆ ಕಾಣುವ ಹೊತ್ತಿಗೆ ಅದು ಮಿತಿಯನ್ನು ಎಷ್ಟೋ ಪಟ್ಟು ದಾಟಿರುತ್ತದೆ. ಏನೇ ಕಂಡರೂ ಪರೀಕ್ಷೆ ತಪ್ಪಿಸಬೇಡಿ.

ಮೂವತ್ತು ವರ್ಷ ನೀರು ಪರೀಕ್ಷಿಸಿದವಳು ನಾನು. ಒಮ್ಮೆ ವಯಸ್ಸಾದ ರೈತರೊಬ್ಬರು ತಂಪುಪಾನೀಯದ ಬಾಟಲಿಯಲ್ಲಿ ನೀರು ತಂದಿದ್ದರು. ಮುಚ್ಚಳ ತಿರುಗಿಸಿದರೆ ಕಿತ್ತಳೆಯ ವಾಸನೆ. ಎರಡು ಬಸ್ಸು ಬದಲಿಸಿ ಬಂದವರನ್ನು ವಾಪಸು ಕಳುಹಿಸಬೇಕಾಯಿತು; ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಆದ್ದರಿಂದ ಮೊದಲು ಪ್ರಯೋಗಾಲಯಕ್ಕೆ ಹೋಗಿ ಬಾಟಲಿಗಳನ್ನು ಅಲ್ಲಿಂದಲೇ ಪಡೆಯಿರಿ. ಮೋಟರನ್ನು ಹತ್ತು ನಿಮಿಷ ಓಡಿಸಿ, ಪೈಪಿನಲ್ಲಿ ನಿಂತ ನೀರು ಹೋದ ಮೇಲೆ ತುಂಬಿಸಿ. ಒಟ್ಟು ಲೋಹಗಳಿಗೆ ಆಮ್ಲ ಹಾಕಿದ ಬಾಟಲಿ. ಹೆಚ್ಚು ವಿಷಕಾರಿಯಾದ ಹೆಕ್ಸಾವೇಲೆಂಟ್ ಕ್ರೋಮಿಯಂಗೆ ಆಮ್ಲ ಹಾಕದ ಇನ್ನೊಂದು. ಅದು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಅದೇ ದಿನ ತಲುಪಬೇಕು.

‘ನೀರು ಪರೀಕ್ಷಿಸಿ’ ಎಂದಷ್ಟೇ ಬರೆದುಕೊಟ್ಟರೆ ಗಡಸುತನ, ಫ್ಲೋರೈಡ್, ನೈಟ್ರೇಟ್‌ಗಳ ಮಾಮೂಲಿ ವರದಿ ಕೈಗೆ ಬರುತ್ತದೆ. ಕ್ರೋಮಿಯಂ, ನಿಕ್ಕಲ್, ಸೀಸ, ಸಯನೈಡ್ ಎಂದು ಹೆಸರಿಸಿಯೇ ಬರೆಯಿರಿ. ಪಕ್ಕದಲ್ಲಿ ಲೇಪನದ ಶೆಡ್ ಇರುವುದನ್ನೂ ತಿಳಿಸಿ. ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್‌ನ ಮಾನ್ಯತೆ ಈ ಪರೀಕ್ಷೆಗಳಿಗೂ ಇದೆಯೇ ಎಂದು ಕೇಳಿಕೊಳ್ಳಿ.

ಪಕ್ಕದವರ ಬಾವಿ ಚೆನ್ನಾಗಿದೆ ಎಂದು ಸುಮ್ಮನಾಗಬೇಡಿ. ನಮ್ಮ ಕಡೆಯ ಗಟ್ಟಿ ಬಂಡೆಯಲ್ಲಿ ನೀರು ಬಿರುಕು ಹಿಡಿದು ಹರಿಯುತ್ತದೆ. ನೂರು ಅಡಿ ಆಚೆಯ ಬಾವಿಯದು ಬೇರೆಯೇ ಬಿರುಕಾಗಿರಬಹುದು.

ವರದಿ ಬಂದ ಕೂಡಲೇ ಪ್ರತಿಯನ್ನು ಪತ್ರಿಕೆಯ ವಿಳಾಸಕ್ಕೆ ಕಳುಹಿಸಿ. ತಮಿಳಿನಲ್ಲಿದ್ದರೂ ಚಿಂತೆಯಿಲ್ಲ, ನನಗೆ ಓದಲು ಬರುತ್ತದೆ.