ಸಭೆ ಮುಂದೂಡುತ್ತಲೇ ಇದ್ದ ಕಾರ್ಯದರ್ಶಿ

ಸಂಘ ಸಂಸ್ಥೆಗಳ ಜಗಳ ಹೊತ್ತುಕೊಂಡು ಆಪ್ತಸಲಹೆಗೆ ಬರುವವರು ನೀವಂದುಕೊಂಡದ್ದಕ್ಕಿಂತ ಹೆಚ್ಚು. ನಾಟಕ ತಂಡ, ಓದುಗರ ಬಳಗ, ಚಾರಣದ ಗುಂಪು, ಯಾವುದಾದರೂ ಆದೀತು. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಮನೆಯವರ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ ಎಂದು ಮಾತು ಶುರುವಾಗುತ್ತದೆ. ಸ್ವಲ್ಪ ಕೆದಕಿದರೆ ಒಳಗೆ ಒಂದು ಬೈಲಾ ತಿದ್ದುಪಡಿ ಕೂತಿರುತ್ತದೆ. ಕೇಳಿದವರಿಗೆ ನಗು ಬರುತ್ತದೆ ಎಂದು ಬಂದವರಿಗೂ ಗೊತ್ತು. ಅದಕ್ಕೇ ಎಷ್ಟೋ ಜನ ಕೊನೆಯವರೆಗೂ ನಿಜವಾದ ಕಾರಣ ಬಾಯಿಬಿಡುವುದಿಲ್ಲ.

ಈ ಪ್ರಕರಣ ಬರೆಯಲು ಅದೊಂದು ಕಾರಣ. ನಾನು ಕೊಟ್ಟ ಸಲಹೆಯನ್ನು ನನ್ನ ಸಹೋದ್ಯೋಗಿಗಳಲ್ಲೇ ಕೆಲವರು ಒಪ್ಪಲಿಲ್ಲ ಎನ್ನುವುದು ಇನ್ನೊಂದು. ಸಂಬಂಧಪಟ್ಟವರ ಅನುಮತಿ ಇದೆ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಹೆಸರಿನ ಬದಲು ಹುದ್ದೆಯಿಂದಲೇ ಕರೆಯುತ್ತೇನೆ: ಒಬ್ಬರು ಕಾರ್ಯದರ್ಶಿ, ಇನ್ನೊಬ್ಬರು ಅಧ್ಯಕ್ಷರು.

ಇಬ್ಬರೂ ಅರವತ್ತು ದಾಟಿದವರು. ಹರೆಯದಲ್ಲಿ ಇಬ್ಬರೇ ಶುರು ಮಾಡಿದ ಭಾನುವಾರದ ಸೈಕಲ್ ಸವಾರಿ ಬೆಳೆದು ನೂರಾರು ಸದಸ್ಯರ ಕ್ಲಬ್ ಆಗಿದೆ. ಅದನ್ನು ಚಾರಿಟಿಯಾಗಿ, ಅಂದರೆ ದತ್ತಿ ಸಂಸ್ಥೆಯಾಗಿ ನೋಂದಾಯಿಸಬೇಕೆಂದು ಅಧ್ಯಕ್ಷರ ಮನಸ್ಸು. ಕಾರ್ಯದರ್ಶಿಗೆ ಸುತರಾಂ ಇಷ್ಟವಿಲ್ಲ. ಸದಸ್ಯರು ಎರಡು ಪಾಲಾದರು. ಸರ್ವಸದಸ್ಯರ ಸಭೆ ಕರೆದಾಗಲೆಲ್ಲ ನೋಟಿಸಿನ ಅವಧಿ ಸಾಲದು, ಕೋರಂ ಇಲ್ಲ, ತಿದ್ದುಪಡಿಗೇ ಒಂದು ತಿದ್ದುಪಡಿ ಬಂದಿದೆ ಎಂದು ಏನಾದರೊಂದು ತಕರಾರು ಎದ್ದು ಮತದಾನ ಮುಂದಕ್ಕೆ ಹೋಗುತ್ತಿತ್ತು. ತಕರಾರು ಎತ್ತುತ್ತಿದ್ದವರು ಕಾರ್ಯದರ್ಶಿಯೇ. ಅವರನ್ನು ನನ್ನಲ್ಲಿಗೆ ಕಳಿಸಿದ್ದು ಮಗಳು. "ಅಪ್ಪ ಸರಿರಾತ್ರಿಯಲ್ಲಿ ಎದ್ದು ಕೂತು ಪತ್ರ ಟೈಪ್ ಮಾಡ್ತಾರೆ" ಎಂದು ಆಕೆ ಹೇಳಿದ್ದರು.

ಬಂದವರ ಕೈಯಲ್ಲಿ ದಪ್ಪ ಫೈಲು. ನಾನು ಅದನ್ನು ಪೂರ್ತಿ ಓದಿದೆ. ವಿಷಯ ಬಿಡಿ, ಭಾವನೆ ಹಿಡಿಯಿರಿ ಎಂದು ನಮ್ಮ ವೃತ್ತಿಯಲ್ಲಿ ಹೇಳುವುದುಂಟು. ಫೈಲು ಓದುವುದು ಸಲಹೆಗಾರರ ಕೆಲಸವಲ್ಲ ಎಂದು ಒಬ್ಬ ಸಹೋದ್ಯೋಗಿ ಆಕ್ಷೇಪಿಸಿದರು ಕೂಡ. ನಾನು ಒಪ್ಪುವುದಿಲ್ಲ. ಒಬ್ಬ ಮನುಷ್ಯ ತಿಂಗಳುಗಟ್ಟಲೆ ನಿದ್ದೆಗೆಟ್ಟು ಬರೆದ ವಾದದಲ್ಲಿ ಹುರುಳಿದೆಯೋ ಇಲ್ಲವೋ ಎಂದು ನೋಡದೆ, ಅದರ ಹಿಂದೆ ಯಾವ ನೋವಿದೆ ಎಂದು ಹುಡುಕಲು ಹೊರಡುವುದು ಅವಮಾನ ಮಾಡಿದಂತೆ. ಹುರುಳಿದ್ದರೆ ಅದನ್ನು ಮೊದಲು ಹೇಳಿಬಿಡಬೇಕು.

ಹುರುಳಿತ್ತು. ಕ್ಲಬ್ ಇರುವುದು ಸದಸ್ಯರಿಗಾಗಿ. ತಮ್ಮ ಸಂತೋಷಕ್ಕೆ ತಾವು ದುಡ್ಡು ಹಾಕಿ ನಡೆಸುವಂಥದ್ದು. ದತ್ತಿ ಸಂಸ್ಥೆ ಇರಬೇಕಾದದ್ದು ಸಾರ್ವಜನಿಕರ ಹಿತಕ್ಕಾಗಿ. ಅದಾದ ಮೇಲೆ ಸಮಿತಿಯವರು ಟ್ರಸ್ಟಿಗಳಾಗುತ್ತಾರೆ. ಅವರ ಹೊಣೆ ಸಂಸ್ಥೆಯ ಉದ್ದೇಶಕ್ಕೇ ಹೊರತು ಸದಸ್ಯರ ಇಷ್ಟಾನಿಷ್ಟಕ್ಕಲ್ಲ. ಆ ಕೆಲಸಕ್ಕೆ ಸಾಮಾನ್ಯವಾಗಿ ಸಂಬಳವೂ ಇರುವುದಿಲ್ಲ. ಕೂಡಿಟ್ಟ ಹಣ, ಸಲಕರಣೆ ಎಲ್ಲ ಆ ಉದ್ದೇಶಕ್ಕೇ ಮೀಸಲು. ನಾಳೆ ಸಂಸ್ಥೆ ಮುಚ್ಚಿದರೂ ಸದಸ್ಯರು ಹಂಚಿಕೊಳ್ಳುವಂತಿಲ್ಲ, ಅಂಥದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗಬೇಕು. ಬೇಡವೆನಿಸಿದರೆ ಹಿಂದಕ್ಕೆ ಬರುವ ದಾರಿ ಇಲ್ಲವೆಂದೇ ಹೇಳಬಹುದು. ಕಾರ್ಯದರ್ಶಿಯವರು ಇದನ್ನೆಲ್ಲ ಸರಿಯಾಗಿಯೇ ಗುರುತಿಸಿದ್ದರು.

ಅಧ್ಯಕ್ಷರ ಮಾತಿನಲ್ಲೂ ತೂಕವಿತ್ತು. ದಾನ ಕೊಡುವವರಿಗೆ ತೆರಿಗೆಯಲ್ಲಿ ರಿಯಾಯಿತಿ ಸಿಕ್ಕರೆ ದಾನ ಹೆಚ್ಚುತ್ತದೆ. ಬರೀ ಕ್ಲಬ್ಬಿಗೆ ಮುಖ ತಿರುಗಿಸುವ ನಿಧಿಗಳು ದತ್ತಿ ಸಂಸ್ಥೆಯ ಅರ್ಜಿಯನ್ನು ತೆಗೆದು ನೋಡುತ್ತವೆ. ಮಕ್ಕಳಿಗೆ ಸೈಕಲ್ ಕಲಿಸಬಹುದು, ಸಮತೋಲನ ಕಷ್ಟವಾದವರಿಗೆ ಮೂರು ಗಾಲಿಯ ಸೈಕಲ್ ಕೊಳ್ಳಬಹುದು.

ಇಬ್ಬರೂ ಒಂದೇ ಉದಾಹರಣೆ ಹಿಡಿದು ಜಗಳವಾಡುತ್ತಿದ್ದರು ಎನ್ನುವುದು ನನಗೆ ಸ್ವಾರಸ್ಯ ಅನಿಸಿತು. ಬ್ರಿಟನ್ನಿನಲ್ಲಿ 1878ರಲ್ಲಿ ಶುರುವಾದ, ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಎಂದು ಹೆಸರಾದ ಸಂಸ್ಥೆ ಸದಸ್ಯರ ನಡುವೆ ದೊಡ್ಡ ಚರ್ಚೆಯೇ ನಡೆದು 2012ರಲ್ಲಿ ದತ್ತಿ ಸಂಸ್ಥೆಯಾಯಿತು. ನೋಡಿ, ಅಷ್ಟು ಹಳೆಯ ಕ್ಲಬ್ಬೇ ಬದಲಾಗಿ ಇಂದಿಗೂ ಬದುಕಿದೆ ಎಂದು ಅಧ್ಯಕ್ಷರು. ನೋಡಿ, 2016ರಲ್ಲಿ ಸೈಕ್ಲಿಂಗ್ ಯುಕೆ ಎಂದು ಮಾಡಿಕೊಂಡು ಹೆಸರಲ್ಲಿದ್ದ ಕ್ಲಬ್ಬನ್ನೇ ಕಿತ್ತುಹಾಕಿದರು ಎಂದು ಕಾರ್ಯದರ್ಶಿ. ಇವರು 1895ರ ಇಂಗ್ಲೆಂಡಿನ ತೀರ್ಪೊಂದನ್ನೂ ಹುಡುಕಿ ಇಟ್ಟಿದ್ದರು. ಹಾಯಿದೋಣಿ ಪಂದ್ಯದ ಕಪ್‌ಗೆಂದು ಒಬ್ಬರು ಉಯಿಲಿನಲ್ಲಿ ಬಿಟ್ಟ ಹಣವನ್ನು ದತ್ತಿ ಎನ್ನಲಾಗದು, ಬರೀ ಕ್ರೀಡೆಗೆ ಉತ್ತೇಜನ ದತ್ತಿ ಕಾರ್ಯವಲ್ಲ ಎಂದು ಹೇಳಿದ ತೀರ್ಪು. ಅಲ್ಲಿಯ 2006ರ ಕಾಯ್ದೆ ಹವ್ಯಾಸಿ ಕ್ರೀಡೆಯನ್ನೂ ದತ್ತಿ ಉದ್ದೇಶಗಳ ಪಟ್ಟಿಗೆ ಸೇರಿಸಿದೆ ಎಂಬ ಪುಟ ಮಾತ್ರ ಫೈಲಿನಲ್ಲಿರಲಿಲ್ಲ. ಅದು ಅಧ್ಯಕ್ಷರ ಫೈಲಿನಲ್ಲಿದ್ದಿರಬೇಕು.

ಅವರು ಹೇಳಿದ ಒಂದು ವಿಷಯ ನನ್ನನ್ನು ಕೆಣಕಿತು. ಅಧ್ಯಕ್ಷರ ಕಡೆಯವರು ಸಭೆಯಲ್ಲಿ, "ಇವರಿಗೆ ಬದಲಾವಣೆ ಅಂದ್ರೆ ಭಯ, ಅಧಿಕಾರ ಬಿಡೋಕೆ ಆಗ್ತಿಲ್ಲ, ಯಾರ ಹತ್ತಿರನಾದ್ರೂ ಮಾತಾಡಿಕೊಳ್ಳಲಿ" ಅಂದರಂತೆ. ಮನಶ್ಶಾಸ್ತ್ರದ ಪದಗಳು ಈಗ ಎಲ್ಲರ ಬಾಯಲ್ಲೂ ಇವೆ. ಎದುರಾಳಿಯ ವಾದಕ್ಕೆ ಉತ್ತರ ಹೊಳೆಯದಾಗ ಅವನ ಮನಸ್ಸಿಗೆ ಚೀಟಿ ಅಂಟಿಸುವುದು ಸುಲಭ. ಭಯಪಟ್ಟವನ ವಾದವೂ ಸರಿಯಿರಬಹುದು. ಸಮಿತಿಗಳಲ್ಲಿ ಕೂರುವ ಓದುಗರು ಇದನ್ನು ದಯವಿಟ್ಟು ಗಮನಿಸಿ: ಭಿನ್ನಮತದವರನ್ನು ಸಲಹೆಗಾರರ ಬಳಿ ಕಳಿಸುವುದು ಸಭೆ ನಡೆಸುವ ವಿಧಾನವಲ್ಲ.

ಇಷ್ಟಾದರೂ ನನಗೊಂದು ಬಿಡಿಸಲಾಗದ ಗಂಟು ಇತ್ತು. ವಾದ ಇಷ್ಟು ಗಟ್ಟಿಯಾಗಿದ್ದವರು ಮತದಾನವನ್ನೇ ಏಕೆ ತಪ್ಪಿಸುತ್ತಿದ್ದಾರೆ? ಲೆಕ್ಕ ಹಾಕಿದರೆ ಅವರು ಗೆಲ್ಲುವ ಸಂಭವವೂ ಇತ್ತು. ಇಂಥ ನಿರ್ಣಯಕ್ಕೆ ಅವರ ಬೈಲಾದಲ್ಲಿ ಬರೀ ಬಹುಮತ ಸಾಲುತ್ತಿರಲಿಲ್ಲ.

ಆ ದಿನ ಅವರು ಇನ್ನೂ ಒಂದು ಆಕ್ಷೇಪಣೆಯ ಕರಡು ತಂದಿದ್ದರು. ಮುಂದಿನ ಸಭೆಯ ನೋಟಿಸಿನಲ್ಲಿ ವಿಷಯಸೂಚಿಯ ಕ್ರಮ ತಪ್ಪಿದೆ ಎಂದು.

"ಫೈಲು ಸ್ವಲ್ಪ ಮುಚ್ಚಿಡಿ ಸರ್," ಅಂದೆ. "ನಾಳೆಯೇ ಮತ ಹಾಕಿದರು ಅಂತಿಟ್ಟುಕೊಳ್ಳಿ. ನೀವೇ ಗೆದ್ದಿರಿ. ನಾಡಿದ್ದು ಏನಾಗುತ್ತೆ?"

ಈ ಪ್ರಶ್ನೆಗೆ ಸಾಮಾನ್ಯವಾಗಿ "ನೆಮ್ಮದಿಯಾಗಿ ಮಲಗ್ತೀನಿ" ಎಂಬ ಉತ್ತರ ಬರುತ್ತದೆ. ಇವರು ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, "ಏನೂ ಆಗಲ್ಲ ಮೇಡಂ. ಅವನು ಫೋನ್ ಮಾಡಲ್ಲ, ಅಷ್ಟೇ."

"ಸೋತರೆ?"

"ಸೋತರೂ ಮಾಡಲ್ಲ. ಮಾತಾಡೋಕೆ ಏನಿರುತ್ತೆ ಹೇಳಿ."

"ಈಗ ಮಾಡ್ತಾರಾ?"

"ದಿನಾ ಮಾಡ್ತಾನೆ. ಬೈಯೋಕೆ. ನಾನೂ ಬೈತೀನಿ. ಒಂದೊಂದು ಸಲ ಒಂದು ಗಂಟೆ ಆಗುತ್ತೆ."

ಹಾಗೆ ಹೇಳುವಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ನಾನು ಕೇಳುತ್ತಾ ಹೋದೆ, ಅವರು ಹೇಳುತ್ತಾ ಹೋದರು. ಎರಡು ವರ್ಷದಿಂದ ಅವರಿಗೆ ಮೊಣಕಾಲಿನ ಸವೆತ. ಭಾನುವಾರದ ರೈಡ್ ಬಿಟ್ಟಿದ್ದಾರೆ. ಕ್ಲಬ್ಬಿನಲ್ಲಿ ಇದು ಯಾರಿಗೂ ಗೊತ್ತಿಲ್ಲ. ಕೇಳಿದರೆ ಲೆಕ್ಕಪತ್ರದ ಕೆಲಸ, ಸಭೆಯ ತಯಾರಿ ಎಂದು ನೆಪ ಹೇಳಿದ್ದಾರೆ. ಅದಕ್ಕೆ ಮುಂಚೆ ಇಬ್ಬರೂ ಮಾತಾಡುತ್ತಿದ್ದದ್ದೇ ಸೈಕಲ್ ಮೇಲೆ. ಎದುರುಗಾಳಿ ಬಂದರೆ ಒಬ್ಬರ ಹಿಂದೊಬ್ಬರು, ಸರದಿಯಂತೆ ಮುಂದೆ ಹೋಗಿ ಗಾಳಿ ತಡೆಯುವುದು. ರಸ್ತೆ ಖಾಲಿ ಸಿಕ್ಕಿದಾಗ ಅಕ್ಕಪಕ್ಕ. "ಮುಖ ನೋಡಿಕೊಂಡು ಮಾತಾಡಿದ್ದೇ ಕಡಿಮೆ ನಾವು," ಅಂದರು. "ಅವನ ಹೆಂಡತಿ ಹೋದಾಗಲೂ ಅಷ್ಟೇ. ಇಬ್ಬರೂ ರಸ್ತೆ ನೋಡ್ತಾ ಇದ್ವಿ, ಅವನು ಹೇಳಿದ, ನಾನು ಕೇಳಿದೆ."

ಸೈಕಲ್ ನಿಂತ ಮೇಲೆ ಮಾತೂ ನಿಂತಿತು. ತಿಂಗಳುಗಟ್ಟಲೆ ಫೋನಿಲ್ಲ. ಆಗ ಬಂದದ್ದು ಚಾರಿಟಿಯ ಪ್ರಸ್ತಾಪ. ಅದನ್ನು ವಿರೋಧಿಸಿದ ದಿನ ರಾತ್ರಿಯೇ ಫೋನ್ ಬಂತು.

ವೈದ್ಯರು ಸೈಕಲ್ ಬೇಡವೇ ಬೇಡ ಅಂದಿದ್ದಾರೆಯೇ ಎಂದು ಕೇಳಿದೆ. ಇಲ್ಲವಂತೆ. ಏರು ಬೇಡ, ಹಗುರ ಗೇರಿನಲ್ಲಿ ನಿಧಾನ ತುಳಿಯಿರಿ, ಓಡುವುದಕ್ಕಿಂತ ಅದೇ ಮೊಣಕಾಲಿಗೆ ಒಳ್ಳೆಯದು ಅಂದಿದ್ದಾರೆ. ಮತ್ತೇಕೆ ಹೋಗುತ್ತಿಲ್ಲ? ಅವರು ಫೈಲು ತೆರೆದು ಅಧ್ಯಕ್ಷರ ಪ್ರಸ್ತಾಪದ ಒಂದು ಸಾಲು ತೋರಿಸಿದರು. ದತ್ತಿ ಸಂಸ್ಥೆಯಾದರೆ ಕೈಗೊಳ್ಳಬಹುದಾದ ಸಾರ್ವಜನಿಕ ಸೇವೆಗಳ ಪಟ್ಟಿ ಅದು: ಹಿರಿಯ ನಾಗರಿಕರಿಗಾಗಿ ನಿಧಾನಗತಿಯ ರೈಡ್. "ಕ್ಲಬ್ ಕಟ್ಟಿದವನು ನಾನು. ಇನ್ನು ಮೇಲೆ ನನಗೆ ಸೇವೆ ಮಾಡ್ತಾರಂತೆ," ಅಂದರು. ನಗಲು ನೋಡಿದರು, ಆಗಲಿಲ್ಲ.

ಈಗ ಸಲಹೆಯ ವಿಚಾರ. ಗೆಳೆತನದ ಕೊರಗು ಹೊರಬಿದ್ದ ಮೇಲೆ, ಹಾಗಾದರೆ ಚಾರಿಟಿಗೆ ನಿಮ್ಮ ವಿರೋಧ ನಿಜವಾದದ್ದಲ್ಲ, ಬಿಟ್ಟುಬಿಡಿ ಎನ್ನುವುದು ಸುಲಭವಿತ್ತು. ಹೇಳಬೇಕಿತ್ತು ಎಂದು ವಾದಿಸಿದವರೂ ಇದ್ದಾರೆ. ನಾನು ತದ್ವಿರುದ್ಧ ಹೇಳಿದೆ. ವಿರೋಧವನ್ನು ಇಟ್ಟುಕೊಳ್ಳಿ, ತಕರಾರನ್ನು ಬಿಡಿ. ಒಂದೇ ಪುಟ ಬರೆಯಿರಿ. ಅದರಲ್ಲಿ ಮತ ಹಾಕುವವರಿಗೆ ಬೇಕಾದದ್ದು ಮಾತ್ರ ಇರಲಿ: ಯಾವುದು ಹಿಂದಕ್ಕೆ ತಿರುಗಿಸಲಾಗದು, ಆಸ್ತಿ ಏನಾಗುತ್ತದೆ, ಟ್ರಸ್ಟಿಗಳನ್ನು ಆರಿಸುವ ಹಕ್ಕು ಸದಸ್ಯರಲ್ಲಿ ಉಳಿಯುತ್ತದೆಯೇ. ಬದಲಿ ದಾರಿ ಇದ್ದರೆ ಅದನ್ನೂ ಸೇರಿಸಿ. ಅವರ ಬಳಿ ಇತ್ತು. ಕ್ಲಬ್ ಕ್ಲಬ್ಬಾಗಿಯೇ ಇದ್ದು, ಕಲಿಸುವ ಕೆಲಸಕ್ಕೆ ಪಕ್ಕದಲ್ಲೊಂದು ಪ್ರತ್ಯೇಕ ಟ್ರಸ್ಟ್ ಮಾಡುವುದು. ಬ್ರಿಟನ್ನಿನ ಆ ಹಳೆಯ ಕ್ಲಬ್ಬಿಗೂ 2012ಕ್ಕೆ ಮುಂಚೆ ಅಂಥದೊಂದು ಟ್ರಸ್ಟ್ ಇತ್ತು. ಇಷ್ಟನ್ನು ಓದಿ ಕುಳಿತುಕೊಳ್ಳಿ, ನೋಟಿಸು, ಕೋರಂ ಎಂದು ಬಾಯಿ ತೆರೆಯಬೇಡಿ, ಮತದಾನ ಆಗಲಿ ಎಂದೆ.

ಒಬ್ಬ ಮನುಷ್ಯನ ಅಭಿಪ್ರಾಯಕ್ಕೆ ಅವನ ಜೀವನದಲ್ಲಿ ಕಾರಣ ಸಿಕ್ಕಿತು ಎಂದಮಾತ್ರಕ್ಕೆ ಅಭಿಪ್ರಾಯ ಸುಳ್ಳಾಗುವುದಿಲ್ಲ. ಹಾಗೆ ನೋಡಿದರೆ ಅಧ್ಯಕ್ಷರ ಉತ್ಸಾಹಕ್ಕೂ ಕಾರಣ ಇದ್ದೀತು. ಹೆಂಡತಿ ಹೋದ ಮೇಲೆ ಖಾಲಿಯಾದ ವಾರಕ್ಕೆ ದೊಡ್ಡದೊಂದು ಕೆಲಸ ಬೇಕಾಗಿತ್ತೋ ಏನೋ. ಅದನ್ನು ಹಿಡಿದು ಪ್ರಸ್ತಾಪವನ್ನು ಅಳೆಯಲು ಯಾರಿಗೂ ಹಕ್ಕಿಲ್ಲ.

ಎರಡನೆಯದನ್ನು ಗಟ್ಟಿಯಾಗಿಯೇ ಹೇಳಿದೆ. ಸಭೆಗೆ ಮುಂಚೆ ಅವರನ್ನು ಮನೆಗೆ ಕರೆದು ಮೊಣಕಾಲಿನ ವಿಷಯ ಹೇಳಿ. ಚಾರಿಟಿಯ ಸುದ್ದಿ ಎತ್ತಬೇಡಿ. ಸಭೆಯ ನಂತರ ಕರೆದರೆ ಗೆದ್ದಾಗ ಕನಿಕರದಂತೆ, ಸೋತಾಗ ಶರಣಾದಂತೆ ಕಾಣುತ್ತದೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ನಾನೇ ಮಾತಾಡಿಸಬೇಕು ಎಂದು ಮಗಳು ಕೇಳಿಕೊಂಡರು. ಒಪ್ಪಲಿಲ್ಲ. ಅಧ್ಯಕ್ಷರು ನನ್ನ ಬಳಿ ಬಂದವರಲ್ಲ. ಕರೆಸಿದರೆ ಆರೋಪಿಯಂತೆ ಕೂರಬೇಕಾಗುತ್ತದೆ. ರಾಜೀನಾಮೆ ಪತ್ರವೂ ಫೈಲಿನಲ್ಲಿ ಸಿದ್ಧವಾಗಿತ್ತು. ಅದನ್ನು ಕೊಡಬೇಡಿ ಎಂದೆ. ವಾಪಸ್ ಕರೆಯಲಿ ಎಂದು ಕಾಯುತ್ತಾ ಕೊಡುವ ರಾಜೀನಾಮೆಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಜನ ಅದನ್ನು ಸುಮ್ಮನೆ ಅಂಗೀಕರಿಸಿಬಿಡುತ್ತಾರೆ.

ಭೇಟಿ ನಡೆಯಿತು. ಮೊದಲು ಇಬ್ಬರಿಗೂ ಮುಜುಗರವಾಯಿತಂತೆ. ಮೊಣಕಾಲಿನ ಸುದ್ದಿ ಕೇಳಿ ಅಧ್ಯಕ್ಷರು ಎರಡು ವರ್ಷ ಹೇಳಲಿಲ್ಲವಲ್ಲ ಎಂದು ಕೂಗಾಡಿದರಂತೆ. ಆಮೇಲೆ ಸೀಟು ತಗ್ಗಿದ್ದರೂ ಮೊಣಕಾಲು ನೋಯುತ್ತದೆ ಎಂದು ಅಂಗಳಕ್ಕೆ ಹೋಗಿ ಇವರ ಸೈಕಲ್ಲಿನ ಸೀಟಿನ ಎತ್ತರ ಅಳೆದರಂತೆ. ಕೊನೆಗೆ ಚಾರಿಟಿಯ ಮಾತು ಬಂದೇ ಬಂತು. "ನಾನಲ್ಲ ಮೇಡಂ, ಅವನೇ ಶುರು ಮಾಡಿದ್ದು," ಎಂದು ಕಾರ್ಯದರ್ಶಿಯವರು ಆಣೆ ಮಾಡುವವರಂತೆ ಹೇಳಿದರು.

ಮತದಾನವೂ ಆಯಿತು. ನಿರ್ಣಯ ಪಾಸಾಯಿತು. ಪ್ರತ್ಯೇಕ ಟ್ರಸ್ಟಿನ ಸಲಹೆ ಬಿದ್ದುಹೋಯಿತು, ಟ್ರಸ್ಟಿಗಳನ್ನು ಸದಸ್ಯರೇ ಆರಿಸಬೇಕೆಂಬ ಕಲಮು ಮಾತ್ರ ಉಳಿಯಿತು. ಸೋತದ್ದಕ್ಕೆ ಅವರಿಗೆ ಬೇಸರವಾಗಿದೆ, ಇನ್ನೂ ಇದೆ. ಹೊಸ ಸಂಸ್ಥೆಯಲ್ಲಿ ಟ್ರಸ್ಟಿಯಾಗುತ್ತೀರಾ ಎಂದು ಅವರನ್ನೇ ಕೇಳಿದ್ದಾರೆ. ಒಂದು ವರ್ಷ ಬೇಡ ಎಂಬುದು ನನ್ನ ಸಲಹೆಯಾಗಿತ್ತು. ವಿರೋಧಿಸಿದ ಉದ್ದೇಶವನ್ನೇ ಕಾಯುವ ಹೊಣೆ ತಲೆಯ ಮೇಲೆ ಬರುತ್ತದೆ, ನಿದ್ದೆ ಈಗಷ್ಟೇ ಹತ್ತುತ್ತಿದೆ, ಮತ್ತೆ ಸಭೆಯೊಂದೇ ಇಬ್ಬರೂ ಸಿಗುವ ಜಾಗ ಆಗಬಾರದು ಎಂದೆಲ್ಲ ಹೇಳಿದೆ. ಗಮನವಿಟ್ಟು ಕೇಳಿಸಿಕೊಂಡರು, ಮರುವಾರ ಒಪ್ಪಿಕೊಂಡುಬಿಟ್ಟರು. ಮುಂದಿನ ಭೇಟಿಗೆ ಹೊಸ ಬೈಲಾದ ಕರಡು ತರುತ್ತಾರಂತೆ. ಮೊದಲು ಅಧ್ಯಕ್ಷರಿಗೆ ತೋರಿಸಿ ಬನ್ನಿ ಎಂದಿದ್ದೇನೆ.